ಹೊಸಿಲು ದಾಟಿದ ಪಂಕ್ತಿ

ಸತ್ಯ ಹೇಳುವುದು ಅಂಥ ಕಷ್ಟದ ಕೆಲಸವೇನಲ್ಲ. ದೇವರಿಗೊಂದು ಲೆಕ್ಕ, ಸರ್ಕಾರಕ್ಕೊಂದು ಲೆಕ್ಕ ಕೊಟ್ಟವಳು ಇಬ್ಬರೆದುರಿಗೂ ಒಟ್ಟಿಗೆ ಬಾಯಿ ಬಿಡಬೇಕಾಗಿ ಬಂದಾಗ ಮಾತ್ರ ಕಷ್ಟ. ನನ್ನಂಥ ಒಲೆ ಮುಂದಿನ ಹೆಂಗಸಿಗೆ ಈ ಪಾಡು ಬರಬೇಕಾದ್ದಿರಲಿಲ್ಲ. ಬಂತು.

ಆಗ ದಿಲ್ಲಿಯಲ್ಲಿ ದೊಡ್ಡವರೆಲ್ಲ ಕೂತು ರಾಜ್ಯಾಂಗ ಬರೆಯುತ್ತಿದ್ದ ಕಾಲ. ಭದ್ರಾವತಿಯಲ್ಲಿ ನಮ್ಮ ಯಜಮಾನರಿಗೆ ಕಾರ್ಖಾನೆಯಲ್ಲಿ ಗುಮಾಸ್ತಿಕೆ. ಬೆಳಗಿನ ಪೇಪರು ಮಡಿಸುತ್ತ, "ನೋಡೇ, ಇನ್ಮೇಲೆ ಎಲ್ಲರಿಗೂ ಸಭೆ ಸೇರೋ ಹಕ್ಕು ಬರತ್ತೆ" ಎಂದರು. ನಾನು ಅಕ್ಕಿ ಆರಿಸುತ್ತ "ಬರಲಿ ಬಿಡಿ" ಎಂದೆ. ಆ ವಾರವೇ ಊರಲ್ಲಿ ಏನೋ ಗಲಾಟೆಯಾಗಿ, ಐದು ಜನ ಒಂದು ಕಡೆ ಸೇರಕೂಡದೆಂದು ಡಂಗುರ ಸಾರಿದರು. ಹಕ್ಕು ಇನ್ನೂ ದಿಲ್ಲಿಯಿಂದ ರೈಲು ಹತ್ತಿರಲಿಲ್ಲವೆಂದು ಕಾಣುತ್ತದೆ.

ಡಂಗುರ ಕೇಳಿದವಳೇ ಪಂಚಾಂಗ ತೆಗೆದು ನೋಡಿದೆ. ಮಗಳು ಕಮಲಿ ವಿಷಮಜ್ವರದಲ್ಲಿ ಕಣ್ಣು ಬಿಡದೆ ಮಲಗಿದ್ದಾಗ ಲಕ್ಷ್ಮಿಗೆ ಹರಕೆ ಹೊತ್ತಿದ್ದೆ: ಶ್ರಾವಣ ಮುಗಿಯುವುದರೊಳಗೆ ಐವರು ಮುತ್ತೈದೆಯರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಬಾಗಿನ ಕೊಡುತ್ತೇನೆ ಎಂದು. ಮಗು ಎದ್ದು ಗಂಜಿ ಕುಡಿಯಿತು, ಇನ್ನಷ್ಟು ಬೇಕೆಂದು ರಂಪ ಮಾಡಿತು. ಆ ರಂಪ ನನಗೆ ಮಂಗಳವಾದ್ಯದ ಹಾಗೆ ಕೇಳಿತು. ಶ್ರಾವಣದಲ್ಲಿ ಉಳಿದಿದ್ದದ್ದು ಮಾತ್ರ ಒಂದೇ ಶುಕ್ರವಾರ. ಹರಕೆ ತಪ್ಪಿಸಿದರೆ ಮತ್ತೆ ಆ ಹಾಸಿಗೆ, ಆ ಮುಚ್ಚಿದ ಕಣ್ಣು. ನೆನೆಸಿಕೊಳ್ಳಲೂ ಧೈರ್ಯವಿರಲಿಲ್ಲ.

ಪಕ್ಕದ ಮನೆ ಸೀತಮ್ಮ, "ಇಬ್ಬರಿಗೆ ಇವತ್ತು, ಮೂವರಿಗೆ ನಾಳೆ ಕೊಟ್ಟುಬಿಡು ಮಾರಾಯ್ತಿ" ಎಂದಳು. ಪಂಕ್ತಿ ಒಂದೇ ಇರಬೇಕಲ್ಲ! ಆಗ ನನ್ನ ತಲೆ ಓಡಿತು, ಓಡಬಾರದ ಕಡೆಗೆ. ನಡುಮನೆಯ ಹಿಂಬಾಗಿಲು ತೆರೆದಿಟ್ಟು, ಹೊಸಿಲಿನ ಈಚೆ ಮೂರು ಮಣೆ, ಆಚೆ ಹಿತ್ತಲ ಜಗುಲಿಯಲ್ಲಿ ಎರಡು ಮಣೆ ಹಾಕಿದೆ. ದಾರ ಹಿಡಿದು ಐದನ್ನೂ ನೇರ ಮಾಡಿದೆ. ಒಳಗೆ ನನ್ನನ್ನೂ ಸೇರಿಸಿ ನಾಲ್ವರು, ಹೊರಗೆ ಇಬ್ಬರು. ಸರ್ಕಾರಕ್ಕೆ ಎರಡು ಸಣ್ಣ ಗುಂಪು. ಮೇಲಿನಿಂದ ನೋಡುವ ಲಕ್ಷ್ಮಿಗೆ ಒಂದೇ ಪಂಕ್ತಿ. ನನ್ನ ಜಾಣತನಕ್ಕೆ ನಾನೇ ಮನಸ್ಸಿನಲ್ಲಿ ಆರತಿ ಎತ್ತಿಕೊಂಡೆ.

ನಿಜವಾದ ಆರತಿಯ ಹೊತ್ತಿಗೆ ಪಂಕ್ತಿಯಲ್ಲಿದ್ದ ಸೀತಮ್ಮ ಹಾಡಿಗೆ ದನಿ ಎತ್ತಿದಳು. ಅವಳ ದನಿ ಸುಬ್ಬಯ್ಯನೆಂಬ ಪೊಲೀಸನನ್ನು ಬೀದಿಯ ಕೊನೆಯಿಂದ ಹಿತ್ತಲಿಗೆ ಎಳೆದು ತಂದಿತು. ಪ್ರಸಾದದ ಉಸಲಿ ಕೊಟ್ಟೆ. ಭಕ್ತಿಯಿಂದ ತಿಂದ, ಕೈ ತೊಳೆದ, ಆಮೇಲೆ ಜೇಬಿನಿಂದ ಪುಸ್ತಕ ತೆಗೆದ.

"ಒಳ್ಗೆ ನಾಲ್ಕು, ಹೊರ್ಗೆ ಎರಡು. ಆರಾಯ್ತಲ್ಲ ತಾಯಿ?"

"ನಡುವೆ ಹೊಸಿಲಿದೆಯಲ್ಲಪ್ಪಾ."

"ಹೊಸ್ಲು ನಂಗೂ ಕಾಣ್ಸುತ್ತೆ. ಹಾಡು ಒಂದೇ ಇತ್ತಲ್ಲ?" ಎಂದು ನನ್ನ ಹೆಸರು ಬರೆದುಕೊಂಡ.

ಹೀಗೆ ಜನ ಸೇರಿಸಿದವಳೆಂದು ನನ್ನ ಮೇಲೆ ಕೇಸಾಗಿ, ಶಿವಮೊಗ್ಗದ ಕೋರ್ಟಿಗೆ ಹೊರಟೆವು. ರೈಲು ತುಂಗೆಯನ್ನು ದಾಟುವಾಗ ಕೆಂಪು ನೀರು ಸುತ್ತಿ ಸುತ್ತಿ ಹೋಗುತ್ತಿತ್ತು. ಯಜಮಾನರು ಜೈಲಿನ ಮಾತಾಡುತ್ತಿದ್ದರು. ನನಗೆ ಅದು ಯಾರದೋ ಮನೆಯ ಸುದ್ದಿಯಂತೆ ಕೇಳುತ್ತಿತ್ತು. ಕೋರ್ಟಿನ ಜಗುಲಿಯಲ್ಲೂ ಹಾಗೇ. ಮಾಡಿನಲ್ಲಿ ಪಾರಿವಾಳಗಳು ಗುಟುರು ಹಾಕುತ್ತಿದ್ದವು. ಕಂಬಕ್ಕೊರಗಿ ಕೂತವಳಿಗೆ ಜೊಂಪು ಹತ್ತಿ, ಕಪ್ಪು ಕೋಟಿನವರೆಲ್ಲ ಮೊರ ಹಿಡಿದು ಸಾಲಾಗಿ ಹೋದ ಹಾಗೆ, ಲಕ್ಷ್ಮಿ ಬೆರಳು ಮಡಿಸುತ್ತ ಅವರನ್ನು ಎಣಿಸಿದ ಹಾಗೆ ಕಂಡಿತು.

ವಕೀಲ ನಮ್ಮ ಸೋದರಮಾವನ ಮಗ ನಾಣಿ. ಎಬ್ಬಿಸಿ ಕಿವಿಯಲ್ಲಿ, "ಅಕ್ಕ, ಒಂದೇ ಮಾತು. ಪಂಕ್ತಿ ಎರಡು ಅನ್ನು, ಗೆದ್ವಿ" ಎಂದ. ನಾನು ತಲೆಯಾಡಿಸಿದೆ.

ಪ್ರಮಾಣ ಮಾಡಿಸಿದರು. ಮ್ಯಾಜಿಸ್ಟ್ರೇಟರು ವಯಸ್ಸಾದವರು, ಮೆತ್ತಗಿನ ದನಿ. "ಹೇಳಿಯಮ್ಮ. ಒಂದು ಪಂಕ್ತಿಯೋ, ಎರಡೋ?"

ಎರಡು ಎಂದರೆ ಮನೆಗೆ ಹೋಗಬಹುದು, ಆದರೆ ಹರಕೆ ಸುಳ್ಳಾಗುತ್ತದೆ. ಒಂದು ಎಂದರೆ ಹರಕೆ ಉಳಿಯುತ್ತದೆ, ನಾನು ಜೈಲಿಗೆ. ಕಮಲಿ ಗಂಜಿ ಬೇಕೆಂದು ತಟ್ಟೆ ಬಡಿದ ಸದ್ದು ಎಲ್ಲಿಂದಲೋ ಕೇಳಿತು.

"ಒಂದೇ ಸ್ವಾಮಿ. ದಾರ ಹಿಡಿದು ಹಾಕಿದ್ದೆ."

ನಾಣಿ ಹಣೆ ಚಚ್ಚಿಕೊಂಡ. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಹೇಳಿದರು: "ಆಜ್ಞೆಯಲ್ಲಿ ಬರೆದಿರೋ ಸಂಖ್ಯೆ ಒಂದನ್ನೇ ನೋಡಿದರೆ ಮದುವೆ ಮನೆ, ಸಾವಿನ ಮನೆ ಎರಡಕ್ಕೂ ಬೀಗ ಹಾಕಬೇಕಾಗತ್ತೆ. ಅದು ಯಾತಕ್ಕೆ ಹುಟ್ಟಿತು ಅಂತ ನೋಡಬೇಕು. ಬೀದೀಲಿ ಗಲಭೆ ಆಗದಿರಲಿ ಅಂತ. ಮನೆಯೊಳಗೆ ಶಾಂತಿಯಿಂದ ಕೂತವರನ್ನ ಎಬ್ಬಿಸೋಕೆ ಅಲ್ಲ. ಅಷ್ಟು ಸ್ವಾತಂತ್ರ್ಯ ಯಾರೂ ಕೊಡಬೇಕಾದ್ದಲ್ಲ, ಅದು ಇದ್ದೇ ಇದೆ." ಕೇಸು ವಜಾ. ಕೈ ಮುಗಿದು ಈಚೆ ಬಂದೆ.

ಬೀದಿಯಲ್ಲಿ ಒಂದು ವಾರ ನಾನೇ ದೊಡ್ಡ ಮನುಷ್ಯಳು. ಸೀತಮ್ಮ ನೀರಿನ ನಲ್ಲಿಯ ಬಳಿ ನನಗೆ ಮುಂದೆ ಜಾಗ ಬಿಟ್ಟಳು ಎಂದರೆ ನೀವೇ ಊಹಿಸಿಕೊಳ್ಳಿ.

ಭಾನುವಾರ ಮಧ್ಯಾಹ್ನ ನಮ್ಮ ಯಜಮಾನರು ಆಫೀಸಿನ ನಾಲ್ವರನ್ನು ಕರೆತಂದು, ನಡುಮನೆಯಲ್ಲಿ ಜಮಖಾನೆ ಹಾಸಿ, ಇಸ್ಪೀಟು ಕಲಸತೊಡಗಿದರು. ಮದುವೆಯಾದಾಗಿನಿಂದ ಆ ಎಲೆಗಳನ್ನು ನಾನು ಹೊಸಿಲು ದಾಟಲು ಬಿಟ್ಟವಳಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತೆ.

ಅವರು ತಲೆಯೆತ್ತದೆ, "ಮನೆಯೊಳಗೆ, ಶಾಂತಿಯಿಂದ. ತೀರ್ಪು ನಿನ್ನ ಕೇಸಿಂದೇ ಅಲ್ವೇನೇ?" ಎಂದರು. ನಾಲ್ವರೂ ನನಗೆ ಭಕ್ತಿಯಿಂದ ಕೈ ಮುಗಿದರು.

ಮೇಲಿನ ಕೋರ್ಟೆಂದು ದೇವರ ಮನೆಗೆ ಹೋಗಿ ಕೂತೆ. ಲಕ್ಷ್ಮಿ ಕೆಳಗಿನ ಕೋರ್ಟಿನ ತೀರ್ಪನ್ನು ತಿರುಗಿಸಲಿಲ್ಲ. ದುಡ್ಡಿಟ್ಟು ಆಡುವುದಿಲ್ಲವಲ್ಲ, ಅಷ್ಟು ಅವಳ ದಯೆ ಎಂದುಕೊಂಡು ಎದ್ದು ಕಾಫಿಗೆ ನೀರಿಟ್ಟೆ. ಈಗ ಪ್ರತಿ ಭಾನುವಾರವೂ ಇಡುತ್ತೇನೆ. ಮೊನ್ನೆ ಕಮಲಿ ಶಾಲೆಯಿಂದ ಬಂದು, "ಅಮ್ಮಾ, ಹಕ್ಕು ಅಂದ್ರೆ ಏನು?" ಎಂದು ಕೇಳಿದಳು. "ನಂಗೆ ಇಷ್ಟ ಇಲ್ಲದೋರೂ ನಮ್ಮನೇಲಿ ಕೂತ್ಕೋಬಹುದು ಅಂತ" ಎಂದೆ. ಮಾತೇನೋ ಚೆನ್ನಾಗಿಯೇ ಬಂತು. ಲೋಟಗಳನ್ನು ಮಾತ್ರ ಬೇಕೆಂದೇ ಸ್ವಲ್ಪ ಜೋರಾಗಿ ಕುಕ್ಕಿದೆ.