ಒಂದು ಬೂಟು, ಒಂದು ಹೇಸರಗತ್ತೆ ಮತ್ತು ನನ್ನ ನಡಿಗೆ

ಅಥಣಿ ತಾಲೂಕಿನಲ್ಲಿ ನಮ್ಮ ಮನೆತನದ ಹೆಸರು ಹಳೆಯದು. ಊರಿನ ಶಾಲೆಗೆ ಜಾಗ ಕೊಟ್ಟವರು ನಮ್ಮ ಮಾವನವರ ತಂದೆ. ಇಂದಿಗೂ ಊರಲ್ಲಿ ಮದುವೆ ಗೊತ್ತಾದರೆ ಮೊದಲ ಪತ್ರಿಕೆ ದೇವರಿಗೆ, ಎರಡನೆಯದು ನಮಗೆ. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಬೆನ್ನು ನೆಟ್ಟಗಿಟ್ಟು ಕೂರುವುದನ್ನೂ ಆಡಿದ ಮಾತು ನಡೆಸುವುದನ್ನೂ ಸಿಸ್ಟರ್‌ಗಳಿಂದ ಕಲಿತೆ. ಇಂಥ ಮನೆಯವರು ನಗೆಪಾಟಲಾಗಬಾರದು. ಆದರೂ ನಾವಿಬ್ಬರು ಗಂಡ-ಹೆಂಡತಿ ಕಾಂಪೌಂಡಿನ ಗೇಟು ದಾಟಿದರೆ ಸಾಕು, ಏನಾದರೊಂದು ಆಗಿಯೇ ತೀರುತ್ತದೆ.

ಕಳೆದ ಸಂಕ್ರಾಂತಿಗೆ ನಮ್ಮ ಮಹಿಳಾ ಮಂಡಳದ ಹಳದಿ-ಕುಂಕುಮ ಚಿಕ್ಕೋಡಿಯ ಒಂದು ಹಾಲ್‌ನಲ್ಲಿತ್ತು. ದ್ರಾಕ್ಷಿ ಕಟಾವು ಮುಗಿದ ಮೇಲೆ ಹಡಗಿನ ಪ್ರವಾಸ ಹೋಗುತ್ತೇವೆ, ಕೊನೆಯ ಬಂದರಿನಲ್ಲಿ ಇಳಿದು ಮಧ್ಯ ಅಮೆರಿಕದ ಕಾಡಿನೊಳಗೆ ಕೆಲವು ದಿನ ನಡೆದು ಮಾಯಾ ಜನರ ಪಾಳುಬಿದ್ದ ಪಟ್ಟಣ ನೋಡುತ್ತೇವೆ ಎಂದು ನಾನು ತಿಳಿಸಿದೆ. ಮಂಡಳದ ಅಧ್ಯಕ್ಷೆ ಮೈಕು ಹಿಡಿದರು.

“ಅಕ್ಕಾರು ಕಾಡಾಗ ನಡೀತಾರಂತ. ಈ ಹಾಲ್‌ನ ಪಾವಟಿಗಿ ಏರಾಕ ಇವರಿಗೆ ಕೈ ಹಿಡೀಬೇಕ್ರಿ. ಯಾವದರೆ ಪ್ರಾಣಿ ಮ್ಯಾಲ ಕುಂತು ಹೊಳ್ಳಿ ಬರತಾರ, ಬರದ ಇಟಗೋರಿ.”

ಕುಂಕುಮದ ತಟ್ಟೆ ಹಿಡಿದವರೂ ನಕ್ಕರು. “ನಡದ ಹೋಗತೀನಿ, ನಡದ ಬರತೀನಿ” ಎಂದೆ. ನನ್ನನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ಯಜಮಾನರು, “ದಣದ್ರ ನಾ ಹೊತಗೊಂಡ ಬರತೀನ್ರಿ” ಎಂದು ಸೇರಿಸಿದರು. ಆ ಮಾತಿನ ಅಗತ್ಯವಿರಲಿಲ್ಲ.

೧. ತಟ್ಟೆಗಳು

ಕಾಡಿನ ಬಾಯಲ್ಲಿ ಗೈಡ್ ಎಲ್ಲರ ಚೀಲ ತೆಗೆಸಿ ಭಾರ ಇಳಿಸುತ್ತಿದ್ದ. ನನ್ನ ಚೀಲದಲ್ಲಿ ಸಜ್ಜೆಯ ಖಡಕ್ ರೊಟ್ಟಿಯ ಗಂಟು ಮತ್ತು ಶೇಂಗಾ ಚಟ್ನಿ ಇದ್ದವು. ಅವನು ಒಂದು ರೊಟ್ಟಿ ಎತ್ತಿ ಬೆರಳಿನಿಂದ ಬಡಿದ. ಹಲಗೆಯ ಸಪ್ಪಳ ಬಂತು.

“ಮೇಡಂ, ಊಟದ ತಟ್ಟೆಗಳನ್ನು ನಾವೇ ಕೊಡುತ್ತೇವೆ.”

“ಇದು ತಟ್ಟೆಯಲ್ಲ, ಊಟ,” ಎಂದು ಚೆನ್ನಾದ ಇಂಗ್ಲಿಷಿನಲ್ಲಿ ತಿಳಿಸಿದೆ. ಅವನು ಮತ್ತೊಮ್ಮೆ ಬಡಿದು ನೋಡಿದ. ಆಮೇಲೆ ನನ್ನ ನರೆಗೂದಲು ನೋಡಿ, ತಡಿ ಬಿಗಿದ ಒಂದು ಹೇಸರಗತ್ತೆಯನ್ನು ತೋರಿಸಿ, “ಇದು ನಿಮಗಾಗಿ” ಎಂದ.

“ಬರಲಿ. ಖಾಲಿಯೇ ಬರಲಿ,” ಎಂದೆ.

ಕಾಡಿನ ಸೆಕೆಗೆ ತಂಡದ ಬ್ರೆಡ್ಡಿಗೆಲ್ಲ ಬೂಷ್ಟು ಬಂತು. ನಾನು ಗಂಟು ಬಿಚ್ಚಿದೆ. ನೂಕಾಡದೆ ಸಾಲಾಗಿ ಬರುವಂತೆ ಹೇಳಿ ಎಲ್ಲರಿಗೂ ಹಂಚಿದೆ. ಅಷ್ಟು ಜನ ಒಮ್ಮೆಲೇ ರೊಟ್ಟಿ ಕಡಿದ ಸಪ್ಪಳಕ್ಕೆ ಮರದ ಮೇಲೆ ಕೂಗುತ್ತಿದ್ದ ಮಂಗಗಳು ಸುಮ್ಮನಾದವು. ಎಲ್ಲರದೂ ಮುಗಿಯುವವರೆಗೆ ಕಾದು ಗೈಡ್ ಮೆಲ್ಲಗೆ ಬಂದ.

“ಮೇಡಂ, ಇನ್ನೊಂದು ತಟ್ಟೆ ಸಿಗಬಹುದೇ?”

೨. ದೇವರಿಲ್ಲದ ಗುಡಿ

ಪಾಳುಪಟ್ಟಣವನ್ನು ನಾನು ನಡೆದೇ ತಲುಪಿದೆ. ಇದನ್ನು ಓದುಗರು ಗಮನದಲ್ಲಿಡಬೇಕು.

ಮರಗಳ ಬೇರು ಹಿಡಿದ ಕಲ್ಲಿನ ಗುಡಿ ಗುಡ್ಡದಷ್ಟು ಎತ್ತರ ನಿಂತಿತ್ತು. ತಂಡದವರು ಬೂಟು ಹಾಕಿಕೊಂಡೇ ಏರಲು ಹೊರಟರು. ನಾನು ತಡೆದೆ.

“ಮೇಡಂ, ಇಲ್ಲಿ ಪೂಜೆ ನಿಂತು ಶತಮಾನಗಳೇ ಆದವು,” ಎಂದ ಗೈಡ್.

“ಮನೆಯವರು ಊರಲ್ಲಿಲ್ಲ ಅಂತ ಅವರ ದೇವರ ಕೋಣೆಗೆ ಬೂಟು ಹಾಕಿಕೊಂಡು ಹೋಗುತ್ತೀರಾ?”

ಎಲ್ಲರೂ ಬಿಚ್ಚಿದರು. ನಾವು ತುದಿ ಮುಟ್ಟಿ, ಹಸಿರು ಕಾಡನ್ನು ಕಣ್ತುಂಬ ನೋಡಿ ಇಳಿಯುವಷ್ಟರಲ್ಲಿ ಇನ್ನೊಂದು ತಂಡ ಬಂದಿತ್ತು. ನಮ್ಮ ಬೂಟುಗಳ ಸಾಲು ನೋಡಿ ಅವರೂ ಬರಿಗಾಲಲ್ಲಿ ನಿಂತಿದ್ದರು. ಈ ನಿಯಮ ಯಾವಾಗ ಬಂತು ಎಂದು ಅವರ ಗೈಡ್ ಕೇಳಿದ. ನಮ್ಮವನು ನನ್ನ ಕಡೆ ಕೈ ತೋರಿಸಿ, “ಇವತ್ತು” ಎಂದ.

ಆದರೆ ನಮ್ಮ ಯಜಮಾನರು ಒಂದೇ ಬೂಟು ಹಿಡಿದು ನಿಂತಿದ್ದರು.

“ಇನ್ನೊಂದ ಎಲ್ಲೈತ್ರಿ?”

“ಬ್ಯಾರೆ ಕಡೆ ಇಟ್ಟೀನಿ.”

ಒಮ್ಮೆ ಚಿಂಚಲಿಯ ಗುಡಿಯ ಮುಂದೆ ಅವರ ಹೊಸ ಚಪ್ಪಲಿ ಕಳುವಾಗಿದ್ದವು. ಅಂದಿನಿಂದ ಯಾವ ಗುಡಿಗೆ ಹೋದರೂ ಒಂದನ್ನು ಇಲ್ಲಿ, ಇನ್ನೊಂದನ್ನು ದೂರ ಬಿಡುತ್ತಾರೆ. ಒಂಟಿ ಚಪ್ಪಲಿಯನ್ನು ಕಳ್ಳರು ಮುಟ್ಟುವುದಿಲ್ಲ ಎಂಬುದು ಅವರ ಲೆಕ್ಕ.

“ಈ ಅಡವ್ಯಾಗ ಯಾರ ಕದೀತಾರ್ರಿ?”

ಅವರು ಬರಿಗಾಲಿನ ಹೊಸ ತಂಡವನ್ನು ಓರೆಗಣ್ಣಿನಿಂದ ನೋಡಿ, “ಮಂದಿ ಭಾಳ ಬಂದಾರ” ಎಂದರು.

“ಆತು, ಎಲ್ಲಿ ಇಟ್ಟೀರಿ?”

“ಒಂದ ದೊಡ್ಡ ಕಲ್ಲಿನ ಹಿಂದ. ಮ್ಯಾಲ ಪಾಚಿ ಇತ್ತು.”

ಆ ಪಟ್ಟಣದಲ್ಲಿ ಪಾಚಿ ಹಿಡಿದ ದೊಡ್ಡ ಕಲ್ಲು ಬಿಟ್ಟು ಬೇರೇನೂ ಇರಲಿಲ್ಲ. ಎರಡೂ ತಂಡದವರು ಹುಡುಕಿದೆವು. ಸಿಗಲಿಲ್ಲ.

೩. ಸವಾರಿ

ಒಂದು ಬೂಟಿನಲ್ಲಿ ಮುಳ್ಳುಕಾಡು ದಾಟುವಂತಿಲ್ಲ. ನನ್ನನ್ನು ಹೊತ್ತು ತರುತ್ತೇನೆ ಎಂದಿದ್ದವರು ನನಗಾಗಿ ಬಂದ ಹೇಸರಗತ್ತೆಯನ್ನು ಏರಿದರು. ಕುಳಿತ ಮೇಲೆ, “ನಿನ್ನ ಪರ್ಸ ಕೊಡ, ನಾ ಹಿಡಕೋತೀನಿ” ಎಂದರು. ಅಷ್ಟಾದರೂ ಹೊತ್ತರು.

ದಾರಿಯಲ್ಲಿ ನಮ್ಮ ಕೃಷ್ಣಾ ದಂಡೆಯ ಎರಿ ಮಣ್ಣಿನಂಥ ಕರಿ ಕೆಸರು ಬಂತು. ಪ್ರಾಣಿ ನಿಂತುಬಿಟ್ಟಿತು. ಅದರ ಯಜಮಾನ ಸ್ಪ್ಯಾನಿಷ್‌ನಲ್ಲಿ ಬೈದ, ಗೈಡ್ ಬೇಡಿಕೊಂಡ, ನಮ್ಮ ಯಜಮಾನರು ಮೇಲಿನಿಂದ ಸಲಹೆ ಕೊಟ್ಟರು. ಅದು ಕಿವಿ ಅಲ್ಲಾಡಿಸಲಿಲ್ಲ. ನನ್ನ ತವರು ರಾಯಬಾಗ ಕಡೆಯದು. ಅಂಗಳದಲ್ಲಿ ಎತ್ತು ಕಟ್ಟಿದ ಮನೆ. ನಾನು ಹಗ್ಗ ಕೈಗೆ ತೆಗೆದುಕೊಂಡು ಮುಂದೆ ನಿಂತು, “ಸಾಕ ನಿನ್ನ ಸೋಗು. ನಡಿ ಬೇ,” ಎಂದೆ.

ನಡೆಯಿತು. ಆಮೇಲೆ ನಾನು ಹಗ್ಗ ಬಿಟ್ಟರೆ ನಿಲ್ಲುತ್ತಿತ್ತು. ಹಾಗಾಗಿ ಡಾಂಬರು ರಸ್ತೆ ಸಿಗುವವರೆಗೆ ನಾನು ಮುಂದೆ, ಅದು ಹಿಂದೆ. ಇಡೀ ತಂಡ ಚಪ್ಪಾಳೆ ತಟ್ಟಿತು. ಗೈಡ್ ನನ್ನ ಫೋನಿನಲ್ಲಿ ಫೋಟೋ ತೆಗೆದ: ನಾನು ಬೆನ್ನು ನೆಟ್ಟಗೆ, ಕೈಯಲ್ಲಿ ಹಗ್ಗ, ಹಿಂದೆ ಯಜಮಾನರು ಒಂದು ಬೂಟು, ಒಂದು ಕಾಲುಚೀಲ, ಮಡಿಲಲ್ಲಿ ನನ್ನ ಪರ್ಸು.

ಆ ಫೋಟೋವನ್ನು ಮಂಡಳದ ವಾಟ್ಸಾಪ್ ಗುಂಪಿಗೆ ಹಾಕಲು ಯಜಮಾನರ ಕೈಗೆ ಫೋನ್ ಕೊಟ್ಟೆ. ಅವರು ಫೋಟೋದಿಂದ ತಮ್ಮ ಭಾಗ ಕತ್ತರಿಸಿ ಹಾಕಿದರು. ಉಳಿದದ್ದು ಸೊಂಟದಿಂದ ಮೇಲೆ ನಾನು, ಕೈಯಲ್ಲಿ ಹಗ್ಗ ಮತ್ತು ಹೇಸರಗತ್ತೆಯ ಮುಖ; ನೋಡಿದವರಿಗೆ ನಾನೇ ಏರಿ ಕೂತಂತೆ. ಕೂಡಲೇ ಅಧ್ಯಕ್ಷೆಯ ಸಂದೇಶ ಬಂತು: “ನಾ ಹೇಳಿದ್ದಿಲ್ಲೇನ್ರಿ? ಪ್ರಾಣಿ ಮ್ಯಾಲ.” ಅದರ ಕೆಳಗೆ ಕಾಗವಾಡದಿಂದ ನಿಪ್ಪಾಣಿಯವರೆಗಿನ ಸದಸ್ಯೆಯರ ನಗುವ ಮುಖಗಳು.

ಊರಿಗೆ ಬಂದವಳೇ ಪೂರ್ತಿ ಫೋಟೋ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆ. ಬರುವ ಹಳದಿ-ಕುಂಕುಮಕ್ಕೆ ಅದು ವೇದಿಕೆಯ ಮೇಲೆ ಇರುತ್ತದೆ.

“ಅಲ್ಲಾ, ನನ್ನ ಮರ್ಯಾದಿ?” ಎಂದರು ಯಜಮಾನರು.

“ಅದು ಪಾಚಿ ಹಿಡದ ಕಲ್ಲಿನ ಹಿಂದ ಐತಿ. ಹೋಗಿ ತಗೊಂಡ ಬರ್ರಿ,” ಎಂದೆ.

ನಾನು ನಡೆದು ಹೋದೆ, ನಡೆದು ಬಂದೆ. ಅಧ್ಯಕ್ಷೆಯವರು ಅದೇ ಹಾಲ್‌ನಲ್ಲಿ, ಅದೇ ಮೈಕು ಹಿಡಿದು, ನನ್ನ ಕ್ಷಮೆ ಕೇಳಬೇಕು.