‘ಬಿಚ್ಚಿ ನೋಡೋಣ’ ಎಂಬ ಮಾತಿನ ಬಳಕೆಗೆ ನಿರ್ಬಂಧ

ಭಾರಿ ವಾಹನಗಳ (ಒಟ್ಟು ಒಂದು) ನಿರ್ವಹಣಾ ವಿಭಾಗ
ಕಚೇರಿ: ಮನೆ ಹಿಂದಿನ ಶೆಡ್ಡು

ಸಂಖ್ಯೆ: ಭಾವಾನಿ/ಲಾರಿ/ಹಳೆಯದು/ಪುನಃ
ದಿನಾಂಕ: ಲಾರಿ ಗ್ಯಾರೇಜಿನಿಂದ ಹೊರಬಿದ್ದ ದಿನ, ಮಧ್ಯಾಹ್ನ

ಸುತ್ತೋಲೆ

ವಿಷಯ: ಮನೆಯ ಹಳೆಯ ಲಾರಿ ಕೆಟ್ಟಾಗ ಸ್ವತಃ ರಿಪೇರಿ ಮಾಡುವುದೋ, ಗ್ಯಾರೇಜಿಗೆ ಬಿಡುವುದೋ ಎಂಬುದನ್ನು ತೀರ್ಮಾನಿಸುವ ಬಗ್ಗೆ.

ಉಲ್ಲೇಖ:
1. ‘ಸುಮ್ಮನೆ ಗ್ಯಾರೇಜಿಗೆ ಬಿಡಿ’ ಎಂದು ಮಾಲೀಕರ ಹೆಂಡತಿಯವರು ಅಡುಗೆಮನೆ ಬಾಗಿಲಲ್ಲಿ ನಿಂತು ಹೊರಡಿಸಿದ ಮೌಖಿಕ ಆದೇಶ.
2. ಅದೇ ಆದೇಶ, ಇನ್ನೂ ಗಟ್ಟಿ ದನಿಯಲ್ಲಿ.
3. ಬ್ರೇಕ್ ರಿಪೇರಿ ಕುರಿತು ಮಾಲೀಕರು ಮೊಬೈಲಿನಲ್ಲಿ ಅರ್ಧ ನೋಡಿದ ವಿಡಿಯೊ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಮನೆ ಸಾಮಾನು ಸಾಗಿಸುವ ಈ ಲಾರಿಯು ಒಂದು ಸರಿಹೋದರೆ ಇನ್ನೊಂದು ಕೆಡುವ ಪದ್ಧತಿಯನ್ನು ಬಹುಕಾಲದಿಂದ ನಿಷ್ಠೆಯಿಂದ ಪಾಲಿಸಿಕೊಂಡು ಬಂದಿರುವುದು ಸರಿಯಷ್ಟೆ. ಬ್ರೇಕ್ ಪೆಡಲ್ ತುಳಿದರೆ ನೆಲ ಮುಟ್ಟುತ್ತಿರುವುದು ನಿನ್ನೆ ವಿಭಾಗದ ಗಮನಕ್ಕೆ ಬಂದಿರುತ್ತದೆ. ಇಂದು ಮಧ್ಯಾಹ್ನ ಗುಡ್ಡದ ಮೇಲಿನ ಬೀದಿಯ ಮೇಷ್ಟರ ಮನೆ ಸಾಮಾನನ್ನು ಕೆಳಗಿನ ಬಡಾವಣೆಗೆ ಇಳಿಸಬೇಕಾಗಿದ್ದು, ಹೊಸದಾಗಿ ಲೈಸೆನ್ಸ್ ಪಡೆದ ಮಾಲೀಕರ ಮಗಳು ಮೊದಲ ಬಾರಿಗೆ ಒಬ್ಬಳೇ ಲಾರಿ ಓಡಿಸುವುದೆಂದು ನಿಗದಿಯಾಗಿತ್ತು. ಇಷ್ಟೆಲ್ಲ ಗೊತ್ತಿದ್ದೂ ಮಾಲೀಕರು ಅಂಗಿಯ ತೋಳು ಮಡಚಿ, ‘ಬಿಚ್ಚಿ ನೋಡೋಣ’ ಎಂದಿರುತ್ತಾರೆ.

ವಿಭಾಗದ ಮುಖ್ಯಸ್ಥ, ಲಾರಿಯ ಮಾಲೀಕ ಹಾಗೂ ಆಪಾದಿತ, ಈ ಮೂವರೂ ಒಬ್ಬರೇ ಆಗಿರುವುದರಿಂದ ವಿಚಾರಣೆ ಬೇಗ ಮುಗಿದಿರುತ್ತದೆ. ಅದರಂತೆ ಕೆಳಕಂಡ ನಿಯಮಗಳನ್ನು ಜಾರಿಗೆ ತರಲಾಗಿದೆ.

1. ಬಿಚ್ಚುವುದು ಮತ್ತು ನೋಡುವುದು ಎರಡೂ ಬೇರೆ ಬೇರೆ ಕೆಲಸಗಳೆಂದು ಪರಿಗಣಿಸತಕ್ಕದ್ದು. ಈವರೆಗೆ ಮೊದಲನೆಯದನ್ನು ಅತ್ಯುತ್ಸಾಹದಿಂದಲೂ, ಎರಡನೆಯದನ್ನು ಸೊಂಟದ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತಿನವರೆಗೂ ಮಾಡಲಾಗಿದೆ. ಮತ್ತೆ ಜೋಡಿಸುವ ಪ್ರಸ್ತಾಪ ಸದರಿ ಮಾತಿನಲ್ಲಿ ಎಲ್ಲಿಯೂ ಇಲ್ಲದಿರುವುದನ್ನು ವಿಷಾದದಿಂದ ಗಮನಿಸಲಾಗಿದೆ.

2. ತೀರ್ಮಾನಿಸುವವರು ಒಬ್ಬರೇ ಆಗಿರುವಾಗ ‘ನೋಡೋಣ’ ಎಂಬ ಬಹುವಚನ ಯಾವ ಆಧಾರದ ಮೇಲೆ ಬಂತು ಎಂಬ ಬಗ್ಗೆ ಆಕ್ಷೇಪಣೆ ದಾಖಲಾಗಿದೆ. ಪರಿಶೀಲಿಸಲಾಗಿ, ಉಳಿದವರೆಂದರೆ ಟಾರ್ಚ್ ಹಿಡಿಯುವವರೆಂದು ತಿಳಿದುಬಂದಿರುತ್ತದೆ. ‘ಅಲ್ಲಿ ಅಲ್ಲ, ಇಲ್ಲಿ’ ಎಂದು ಟಾರ್ಚ್ ಹಿಡಿದವರ ಮೇಲೆ ರೇಗುವ ಮುನ್ನ, ‘ಇಲ್ಲಿ’ ಎಂದರೆ ಎಲ್ಲಿ ಎಂಬುದು ರೇಗುವವರಿಗಾದರೂ ಗೊತ್ತಿರತಕ್ಕದ್ದು. ನಿನ್ನೆ ಸಂಜೆ ಈ ಹುದ್ದೆಯಲ್ಲಿ ಮಗಳಿದ್ದಳು. ಬಲಗೈ ಸೋತಾಗ ಎಡಗೈಗೆ ಬದಲಾಯಿಸಿಕೊಂಡಳೇ ಹೊರತು ಎದ್ದು ಒಳಗೆ ಹೋಗಲಿಲ್ಲ ಎಂಬುದನ್ನು ಇಲ್ಲಿ ನಮೂದಿಸಲಾಗಿದೆ.

3. ಗ್ಯಾರೇಜಿಗೆ ಹೋಗದಿರಲು ‘ಅವರು ಸುಲಿಯುತ್ತಾರೆ’, ‘ನಾನೇ ಮಾಡಿದರೆ ಮನಸ್ಸಿಗೊಂದು ಸಮಾಧಾನ’ ಎಂಬ ಕಾರಣಗಳನ್ನು ಇನ್ನು ಮುಂದೆ ಸ್ವೀಕರಿಸಲಾಗುವುದಿಲ್ಲ. ಸಮಾಧಾನವನ್ನು ಮನೆಯಲ್ಲಿ ಈವರೆಗೆ ಯಾರೂ ಕಂಡಿರುವುದಿಲ್ಲ. ತಿರುವಿನ ಗ್ಯಾರೇಜಿನ ಮೆಕ್ಯಾನಿಕ್ ಲಾರಿ ಹೋದ ಕೂಡಲೇ ಕುಕ್ಕರಗಾಲಿನಲ್ಲಿ ಕೂತು, ಒಳಗೆ ಇಣುಕಿ, ಬೀದಿಗೆಲ್ಲ ಕೇಳುವಂತೆ ‘ಇದಕ್ಕೆ ಮೊದಲು ಯಾರು ಕೈ ಹಾಕಿದ್ದು?’ ಎಂದು ಕೇಳುತ್ತಾರೆ. ನಿಜವಾದ ಕಾರಣ ಇದು. ಮಾಲೀಕರು ಪ್ರತಿ ಬಾರಿಯೂ ಚಪ್ಪಲಿ ನೋಡುತ್ತಾ ‘ಹಳೇ ಮಾಲೀಕರು’ ಎನ್ನುತ್ತಾ ಬಂದಿದ್ದಾರೆ. ಹಳೇ ಮಾಲೀಕರು ಲಾರಿ ಮಾರಿದಾಗ ಮಗಳು ಇನ್ನೂ ತೊಟ್ಟಿಲಲ್ಲಿದ್ದಳು. ಅವರನ್ನು ಎಲ್ಲ ಆರೋಪಗಳಿಂದ ಗೌರವಪೂರ್ವಕವಾಗಿ ಮುಕ್ತಗೊಳಿಸಲಾಗಿದೆ.

4. ‘ತಾತ್ಕಾಲಿಕ’ ಎಂಬ ಪದವನ್ನು ಒಂದು ಮಳೆಗಾಲಕ್ಕಿಂತ ಹೆಚ್ಚು ಎಳೆಯತಕ್ಕದ್ದಲ್ಲ. ಲಾರಿಯ ಎಡಬಾಗಿಲಿಗೆ ತಾತ್ಕಾಲಿಕವಾಗಿ ಕಟ್ಟಿದ, ಬಟ್ಟೆ ಒಣಹಾಕುವ ಹಗ್ಗವನ್ನು ಹೆಂಡತಿಯವರು ಕೇಳಿ ಕೇಳಿ ಸುಸ್ತಾಗಿ ಬೇರೆ ಹಗ್ಗ ಕೊಂಡಿರುತ್ತಾರೆ. ಮಗಳಂತೂ ಲಾರಿ ಬಾಗಿಲೆಂದರೆ ಹೀಗೇ ಎಂದು ತಿಳಿದು ಬೆಳೆದವಳು. ಲೈಸೆನ್ಸ್ ಪರೀಕ್ಷೆಯ ದಿನ ಬೇರೆಯವರ ಲಾರಿ ಹತ್ತಿ ಹಗ್ಗ ಹುಡುಕಿದ ಸಂಗತಿಯಿಂದ ವಿಭಾಗದ ಮಾನ ಹೋಗಿರುತ್ತದೆ.

5. ಜೋಡಿಸಿದ ಮೇಲೆ ಉಳಿದ ಬಿಡಿಭಾಗಗಳ ಬಗ್ಗೆ ‘ಕಂಪನಿಯವರೇ ಒಂದು ಹೆಚ್ಚಿಗೆ ಹಾಕಿರುತ್ತಾರೆ’ ಎಂಬ ವಿವರಣೆಯನ್ನು ರದ್ದುಪಡಿಸಲಾಗಿದೆ. ಶೆಡ್ಡಿನ ಬಿಸ್ಕತ್ ಡಬ್ಬಿಯಲ್ಲಿ ಈಗಾಗಲೇ ಇನ್ನೊಂದು ಲಾರಿಗೆ ಸಾಕಾಗುವಷ್ಟು ಔದಾರ್ಯ ಸಂಗ್ರಹವಾಗಿದೆ. ನಿನ್ನೆ ಹಿಂದಿನ ಚಕ್ರದ ಬ್ರೇಕಿನಿಂದ ಒಂದು ಸ್ಪ್ರಿಂಗ್ ಉಳಿದಿದ್ದು, ಮಾಲೀಕರು ಅದನ್ನು ಯಾರಿಗೂ ಕಾಣದಂತೆ ಅಂಗಿ ಜೇಬಿಗೆ ಹಾಕಿಕೊಂಡಿರುತ್ತಾರೆ. ಮಗಳ ಟಾರ್ಚ್ ಜೇಬಿನ ಮೇಲೆಯೇ ಇತ್ತು.

6. ಪರೀಕ್ಷಾರ್ಥ ಓಡಿಸಿದಾಗ ಲಾರಿಯು ನೆರೆಮನೆಯ ಕಾಂಪೌಂಡ್ ಗೋಡೆಯ ಬಳಿ ನಿಂತಿರುತ್ತದೆ. ಅದನ್ನು ಬ್ರೇಕ್ ನಿಲ್ಲಿಸಿತೋ ಗೋಡೆ ನಿಲ್ಲಿಸಿತೋ ಎಂಬ ಬಗ್ಗೆ ಮಾಲೀಕರಿಗೂ ನೆರೆಮನೆಯವರಿಗೂ ಭಿನ್ನಾಭಿಪ್ರಾಯವಿದೆ. ಗೋಡೆಯ ಅಭಿಪ್ರಾಯ ನೆರೆಮನೆಯವರ ಪರವಾಗಿದೆ.

7. ಅನಂತರ ಮಗಳು ಕೈ ಒರೆಸಿಕೊಳ್ಳುತ್ತಾ ಕೇಳಿದ ಪ್ರಶ್ನೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: ‘ಅಪ್ಪಾ, ನಾಳೆ ಇಳಿಜಾರಲ್ಲಿ ಹಿಡಿಯುತ್ತೆ ತಾನೆ?’

ಮಾಲೀಕರು ರೂಢಿಯಂತೆ ‘ನೋಡೋಣ’ ಎಂದಿರುತ್ತಾರೆ.

ನಲ್ಲಿ ಸೋರುತ್ತಿದೆ ಎಂದಾಗ, ಗೋಡೆಗೆ ಬಣ್ಣ ಯಾವಾಗ ಎಂದಾಗ, ಹೆಂಡತಿಯವರು ಅಕ್ಕನ ಮನೆಗೆ ಹೋಗೋಣವೇ ಎಂದಾಗ ಇದೇ ಉತ್ತರ ಕೊಡಲಾಗಿದ್ದು, ಯಾರ ಜೀವಕ್ಕೂ ಅಪಾಯವಾಗಿರಲಿಲ್ಲ. ನಿನ್ನೆ ಮಾತ್ರ ಆ ಮಾತು ಮಾಲೀಕರ ಕಿವಿಗೇ ವಾಪಸು ಬಂದು ಕೂತಿತು. ಇಂಥದೇ ಬ್ರೇಕಿನ ಲಾರಿಯನ್ನು ಇವರು ಇದೇ ಇಳಿಜಾರಿನಲ್ಲಿ ಸಿಳ್ಳೆ ಹಾಕುತ್ತಾ ಇಳಿಸಿದವರೇ. ಆದರೆ ಸ್ಟೀರಿಂಗ್ ಹಿಂದೆ ಮಗಳನ್ನು ಕೂರಿಸಿ ಯೋಚಿಸಿದಾಗ ಸಿಳ್ಳೆ ಹೊರಡಲಿಲ್ಲ. ಮಾಲೀಕರಿಗೆ ಹೆದರಿಕೆಯಾಗಿರುತ್ತದೆ. ಹೆಂಡತಿಯವರು ಉಲ್ಲೇಖ (1) ಮತ್ತು (2)ಕ್ಕೆ ವ್ಯತಿರಿಕ್ತವಾಗಿ, ಒಂದು ಮಾತೂ ಆಡದೆ, ಮೊಳೆಯಲ್ಲಿದ್ದ ಲಾರಿಯ ಕೀಲಿಕೈ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಆದ್ದರಿಂದ ಬ್ರೇಕ್ ಕುರಿತ ಪ್ರಶ್ನೆಗೆ ‘ಹಿಡಿಯುತ್ತೆ’ ಅಥವಾ ‘ಹಿಡಿಯಲ್ಲ’ ಎಂದು ಮಾತ್ರ ಉತ್ತರಿಸಲು ಈ ಮೂಲಕ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ. ಉತ್ತರ ಗೊತ್ತಿಲ್ಲದವರು ಗ್ಯಾರೇಜಿಗೆ ಹೋಗತಕ್ಕದ್ದು.

8. ಇಂದು ಬೆಳಿಗ್ಗೆ ಲಾರಿಯನ್ನು ಮೊದಲ ಗೇರಿನಲ್ಲಿ, ಚಕ್ರಕ್ಕೆ ಕೊಡುವ ಮರದ ತುಂಡು ಹಿಡಿದು ಮಗಳು ಪಕ್ಕದಲ್ಲೇ ನಡೆದುಬರುತ್ತಾ, ತಿರುವಿನ ಗ್ಯಾರೇಜಿಗೆ ತಲುಪಿಸಲಾಯಿತು. ಮೆಕ್ಯಾನಿಕ್ ಚಕ್ರ ಬಿಚ್ಚಿ, ಇಣುಕಿ, ನಿರೀಕ್ಷೆಯಂತೆ ಬೀದಿಗೆಲ್ಲ ಕೇಳುವಂತೆ ಯಾರು ಕೈ ಹಾಕಿದ್ದು ಎಂದು ಕೇಳಿದರು. ಮಾಲೀಕರು ಚಪ್ಪಲಿ ನೋಡಿಕೊಂಡರು. ಹಳೇ ಮಾಲೀಕರ ಹೆಸರು ಬಾಯಿಯವರೆಗೆ ಬಂದಿತ್ತೋ ಇಲ್ಲವೋ ವಿಭಾಗಕ್ಕೆ ಖಚಿತವಿಲ್ಲ. ಅಷ್ಟರಲ್ಲಿ ಮಗಳು ಅಷ್ಟೇ ಗಟ್ಟಿಯಾಗಿ ಉತ್ತರ ಕೊಟ್ಟಾಗಿತ್ತು.

‘ನಾವೇ.’

ಮೆಕ್ಯಾನಿಕ್ ಸ್ಪ್ರಿಂಗ್ ಇರಬೇಕಾದ ಜಾಗ ತೋರಿಸಿ ಅಂಗೈ ಚಾಚಿದರು. ಮಾಲೀಕರು ಜೇಬಿನಿಂದ ಸ್ಪ್ರಿಂಗ್ ತೆಗೆದು ಕೊಟ್ಟರು; ಮಧ್ಯಾಹ್ನದೊಳಗೆ ಬ್ರೇಕ್ ಸರಿಹೋಯಿತು. ನಿಯಮ 2ರಲ್ಲಿನ ಬಹುವಚನಕ್ಕೆ ಸೂಕ್ತ ಆಧಾರ ದೊರೆತಿರುವುದರಿಂದ ಸದರಿ ಆಕ್ಷೇಪಣೆಯನ್ನು ಕೈಬಿಡಲಾಗಿದೆ.

9. ಬ್ರೇಕ್ ಮತ್ತು ಸ್ಟೀರಿಂಗ್ ಹೊರತುಪಡಿಸಿ ಉಳಿದ ರಿಪೇರಿಗಳನ್ನು ಇನ್ನು ಮುಂದೆ ಮಗಳ ಕೈಗೆ ಒಪ್ಪಿಸಲಾಗಿದೆ. ಅವಳು ಲಾರಿಯಡಿ ಮಲಗಿದಾಗ ಮಾಲೀಕರು ಟಾರ್ಚ್ ಹಿಡಿಯತಕ್ಕದ್ದು ಹಾಗೂ ‘ಅಲ್ಲಿ ಅಲ್ಲ, ಇಲ್ಲಿ’ ಎಂಬುದನ್ನು ತಲೆತಗ್ಗಿಸಿ ಕೇಳಿಸಿಕೊಳ್ಳತಕ್ಕದ್ದು. ಟೈರಿಗೆ ಒದ್ದು ಗಾಳಿ ಪರೀಕ್ಷಿಸುವ ಹಕ್ಕನ್ನು ಅವರ ಹಿರಿತನ ಗಮನಿಸಿ ಉಳಿಸಿಕೊಡಲಾಗಿದೆ.

(ಸಹಿ/-)
ವಿಭಾಗದ ಮುಖ್ಯಸ್ಥ ಹಾಗೂ ಲಾರಿ ಮಾಲೀಕರ ಪರವಾಗಿ,
ಅವರ ಹೆಂಡತಿ

(ಮಾಲೀಕರು ಊಟ ಬಿಟ್ಟು ಇಳಿಜಾರಿನ ಕೆಳಗೆ ಹೋಗಿ ನಿಂತಿರುವುದರಿಂದ ಸಹಿಗೆ ಲಭ್ಯರಿರುವುದಿಲ್ಲ.)

ಪ್ರತಿಗಳು:
1. ತಿರುವಿನ ಗ್ಯಾರೇಜಿನ ಮೆಕ್ಯಾನಿಕ್ ಅವರಿಗೆ, ಮುಂದಿನ ಸಲ ಮೆಲ್ಲಗೆ ಕೇಳುವಂತೆ ಕೋರಿ.
2. ಹಳೇ ಮಾಲೀಕರಿಗೆ, ಕ್ಷಮಾಪಣೆಯೊಂದಿಗೆ. ವಿಳಾಸ ಸಿಕ್ಕಲ್ಲಿ.
3. ನೆರೆಮನೆಯವರಿಗೆ, ಗೋಡೆಯ ಗಮನಕ್ಕೆ ತರಲು.
4. ಗುಡ್ಡದ ಮೇಲಿನ ಮೇಷ್ಟರಿಗೆ. ಸಾಮಾನು ಸುರಕ್ಷಿತವಾಗಿ ತಲುಪಿದ ಮೇಲೆ ಮಾತ್ರ ನೀಡುವುದು.
5. ಬಿಸ್ಕತ್ ಡಬ್ಬಿಗೆ, ಕಡತದಲ್ಲಿಡಲು.
6. ಮಗಳಿಗೆ, ಲಾರಿ ಇಳಿಸಿ ಮನೆಗೆ ಬಂದ ಮೇಲೆ. ಅವಸರವೇನೂ ಇಲ್ಲ, ನಿಧಾನವಾಗಿ ಬರತಕ್ಕದ್ದು.