ಮಾವನ ರೌಂಡ್ ಫಂಕ್ಷನ್

ನಮ್ಮ ಸೋದರಮಾವನಿಗೆ ಈ ಜಗತ್ತಿನಲ್ಲಿ ಇದ್ದದ್ದು ಒಬ್ಬನೇ ವೈರಿ: ದಶಮಾಂಶದ ಚುಕ್ಕಿ! ಅದನ್ನು ನಾಶಮಾಡುವ ಅಸ್ತ್ರ ಅವನಿಗೆ ಸಿಕ್ಕಿದ್ದು ತೊಂಬತ್ತರ ದಶಕದಲ್ಲಿ, ಸ್ಟೇಶನ್ ಬಜಾರದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ.

ಮಾವ ಸೇಡಂ ರಸ್ತೆಯ ಆಸ್ಪತ್ರೆಯೊಂದರಲ್ಲಿ ಗುಮಾಸ್ತ. ಅಲ್ಲಿಗೆ ಕಂಪ್ಯೂಟರ್ ಬಂದಾಗ ಯಾರೋ, "ಈ ವಯಸ್ಸಿನ್ಯಾಗ ನಿಮಗ್ಯಾಕ್ರೀ ಇದು?" ಅಂದರಂತೆ. ಮುಗೀತು! ದಿನಾ ಕೆಲಸ ಮುಗಿಸಿ, ಕಾಲೇಜು ಹುಡುಗರ ನಡುವೆ ಕೂತು, ಒಂದೇ ಬೆರಳಲ್ಲಿ ಕೀಲಿ ಕುಟ್ಟಿ ಕುಟ್ಟಿ ಡೇಟಾಬೇಸ್ ಕಲಿತೇಬಿಟ್ಟ. ಅದರಲ್ಲಿತ್ತು 'ರೌಂಡ್' ಎಂಬ ಫಂಕ್ಷನ್. ಸಂಖ್ಯೆಯ ಪಕ್ಕ ಒಂದು ಸೊನ್ನೆ ಕೊಟ್ಟರೆ ಸಾಕು, ಚುಕ್ಕಿಯ ಆಚೆಗಿನದೆಲ್ಲ ಮಾಯ! ಅರ್ಧ ಮುಟ್ಟಿದ್ದು ಮೇಲಕ್ಕೆ, ಮುಟ್ಟದ್ದು ಕೆಳಕ್ಕೆ.

ಅಂದಿನಿಂದ ಮಾವ ಬದುಕನ್ನೇ ರೌಂಡ್ ಮಾಡತೊಡಗಿದ. ನಮ್ಮೂರು ಕಮಲಾಪುರದ ಬಸ್ಸು ಎಂಟೂ ನಲವತ್ತಕ್ಕಿದ್ದರೆ ಒಂಬತ್ತಕ್ಕೆ ಹೋಗಿ, "ಬಸ್ ಗಡಬಡಿ ಮಾಡಿ ಹೋಗ್ಯದ!" ಎಂದು ಬೈಯುವುದು. ಐದಡಿ ಏಳಿಂಚಿನ ವರನನ್ನು ಆರಡಿ ಎಂದು ಹೊಗಳುವುದು! ಕನ್ಯೆಯ ಕಡೆಯವರು ಬಂದು, ಪಾಪ, ವರನ ತಲೆಯ ಮೇಲಿನ ಗಾಳಿಯನ್ನು ನೋಡುತ್ತ ನಿಂತರು. "ಅರ್ಧ ದಾಟ್ಯಾನಲ್ಲ, ಮತ್ತೇನು?" ಎಂದ ಮಾವ.

ಆಮೇಲೆ ಅದೇ ಆಸ್ಪತ್ರೆಯಲ್ಲಿ ನನ್ನ ಚೊಚ್ಚಲ ಹೆರಿಗೆಯಾಯಿತು. ಮಗಳು ತಿಂಗಳು ತುಂಬುವ ಮೊದಲೇ ಬಂದಳು. ತೂಕ ಒಂದೂವರೆ ಕಿಲೋ ದಾಟಿತ್ತು, ಅಷ್ಟೆ. "ಎರಡು ಕಿಲೋ ಆಗ್ಲಿ, ಮನೀಗಿ ಕಳಸ್ತೀವಿ" ಎಂದರು ಡಾಕ್ಟರು. ಮಾವ ಕಂಪ್ಯೂಟರಿನ ಹಾಳೆ ಹಿಡಿದು ಓಡಿಬಂದ: "ಇದರಾಗ ಆಗ್ಲೇ ಎರಡು ಬಂದದವ್ವ! ನಡಿ ಕಮಲಾಪುರಕ್ಕ!" ಸಿಸ್ಟರ್ ಅವನನ್ನು ಹೊರಗೆ ಅಟ್ಟಿದರು. ಅಷ್ಟು ಸಂಕಟದಲ್ಲೂ ನನಗೆ ನಗು ಬಂತು.

ಮರುದಿನ ಮುಂಜಾನೆ ಅದೇ ಮಾವ ಏದುಸಿರು ಬಿಡುತ್ತ ವಾರ್ಡಿನ ಬಾಗಿಲಲ್ಲಿ ನಿಂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ.

"ಯವ್ವಾ, ಕೂಸಿಂದು ಒಂದು ಕಿಲೋ ಎಲ್ಲಿ ಹೋತು?!"

ಮಗು ಇಳಿದದ್ದು ಕೆಲವೇ ಗ್ರಾಂ. ಆದರೆ ಒಂದೂವರೆಯಿಂದ ಕೆಳಗೆ ಜಾರಿದ್ದಕ್ಕೆ ಪರದೆಯ ಮೇಲಿನ ಎರಡು ಒಂದಾಗಿತ್ತು!

"ಹುಟ್ಟಿದ ಕೂಸು ಮೊದ್ಲಿಗೆ ಸ್ವಲ್ಪ ಇಳೀತಾವ್ರೀ, ಗಾಬರಿ ಆಗಬ್ಯಾಡ್ರಿ" ಎಂದರು ಸಿಸ್ಟರ್.

ಮಾವ ಅಲ್ಲೇ ನೆಲದ ಮೇಲೆ ಕೂತ. "ಇಷ್ಟು ಸಣ್ಣ ಜೀವದಾಗ ಅರ್ಧ ಕಿಲೋ ನಾನೇ ತಿಂದು ಕುಂತೀನಲ್ಲವ್ವ" ಎಂದ. ಎದ್ದವನೇ ಸೀದಾ ಹೋಗಿ, ಕಂಪ್ಯೂಟರಿನ ತೂಕದ ಲೆಕ್ಕಕ್ಕೆ ತಾನೇ ಹಾಕಿದ್ದ ರೌಂಡ್ ಅಳಿಸಿ ಬಂದ.

ಆಮೇಲೆ ದಿನಾ ಡಾಕ್ಟರಿಗಿಂತ ಮೊದಲು ತಕ್ಕಡಿಯ ಹತ್ತಿರ ಅವನೇ ಹಾಜರು. ಕಡೆಗೊಂದು ಮುಂಜಾನೆ ಕೂಗಿದ: "ಇಪ್ಪತ್ತು ಗ್ರಾಂ ಏರ್ಯದ!"

"ಇಪ್ಪತ್ತೇ?" ಎಂದೆ. ಕಣ್ಣು ತುಂಬಿ ಬಂತು.

ಮಾವ ಹೊರಗೆ ಹೋದ. ಎದುರಿನ ಕಿರಾಣಿ ಅಂಗಡಿಯಲ್ಲಿ ತೂಗಿಸಿ ತಂದ ಒಂದು ಸಣ್ಣ ಕಾಗದದ ಪೊಟ್ಟಣ ಬಿಚ್ಚಿ, ಅದರಲ್ಲಿದ್ದ ಸಕ್ಕರೆಯನ್ನು ನನ್ನ ಅಂಗೈಗೆ ಸುರಿದ.

"ನೋಡವ್ವ, ಒಂದೇ ದಿನಕ್ಕ ನಿನ್ನ ಮಗಳು ಇಷ್ಟು ಬೆಳದಾಳ."